ಸರಕಾರದ ಲೆಕ್ಕವೂ ಗೃಹಸ್ಥನ ಲೆಕ್ಕವೂ

ಬೆಲೆಗಳ ಏರಿಕೆ ತಗ್ಗಿತೆಂದು ಸರಕಾರಿ ಅಂಕಿಗಳು ಎಷ್ಟೇ ಸಾರಿದರೂ ಮನೆಯ ಖರ್ಚು ಮಾತ್ರ ತಗ್ಗಲಿಲ್ಲವೆಂಬ ಗೃಹಸ್ಥನ ದೂರು ನಿಂತಿಲ್ಲ. ಅಧಿಕಾರವರ್ಗದವರು ಈ ದೂರನ್ನು ಅಜ್ಞಾನದ ಫಲವೆಂದು ತಳ್ಳಿಹಾಕುತ್ತಾರೆ. ಜನರು ಅಂಕಿಗಳನ್ನೇ ಸುಳ್ಳೆಂದು ಹಳಿಯುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅಂಕಿಗಳೂ ಸುಳ್ಳಲ್ಲ, ದೂರೂ ಸುಳ್ಳಲ್ಲ. ಎರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರಗಳಾಗಿವೆ.

2024ನೆಯ ಅಕ್ಟೋಬರಿನಲ್ಲಿ ದೇಶದ ಚಿಲ್ಲರೆ ಬೆಲೆಗಳು ಹಿಂದಿನ ವರ್ಷಕ್ಕಿಂತ ಶೇಕಡಾ 6.21ರಷ್ಟು ಏರಿದ್ದವು. 2025ನೆಯ ಅಕ್ಟೋಬರಿನಲ್ಲಿ ಈ ಏರಿಕೆ ಶೇಕಡಾ 0.25ಕ್ಕೆ ಇಳಿಯಿತು. ಇದು ಸಾಧಾರಣ ಇಳಿತವಲ್ಲ. ಆದರೆ ಇದರ ಅರ್ಥವೇನು? 2023ರಲ್ಲಿ 100 ರೂಪಾಯಿಗೆ ದೊರೆಯುತ್ತಿದ್ದ ಪದಾರ್ಥಗಳಿಗೆ 2024ರಲ್ಲಿ 106 ರೂಪಾಯಿ 21 ಪೈಸೆ ಕೊಡಬೇಕಾಯಿತು. 2025ರಲ್ಲಿ ಸುಮಾರು 106 ರೂಪಾಯಿ 48 ಪೈಸೆ ಕೊಡಬೇಕಾಯಿತು. ಏರುವುದು ನಿಂತಿತೇ ಹೊರತು ಏರಿದ್ದು ಇಳಿಯಲಿಲ್ಲ. ಸಂಬಳ ಹೆಚ್ಚದ ಮನೆಯವನಿಗೆ ಆ ಆರು ರೂಪಾಯಿಯ ಕೊರತೆ ತಿಂಗಳು ತಿಂಗಳೂ ಉಳಿದೇ ಇರುತ್ತದೆ. ವೇಗವನ್ನು ಅಳೆಯುವ ಅಂಕಿಯು ಭಾರವನ್ನು ಅಳೆಯಲಾರದು.

ಆಹಾರ ಪದಾರ್ಥಗಳು ಇಳಿದವಲ್ಲವೇ ಎಂದು ಕೇಳಬಹುದು. ನಿಜವೇ. 2024ರ ಅಕ್ಟೋಬರಿನಲ್ಲಿ ಶೇಕಡಾ 10.87ರಷ್ಟು ಏರಿದ್ದ ಆಹಾರದ ಬೆಲೆಗಳು ಒಂದು ವರ್ಷದ ತರುವಾಯ ಶೇಕಡಾ 5ರಷ್ಟು ಕುಸಿದವು. ಈ ಇಳಿತವನ್ನು ಮರೆಮಾಚುವುದು ನ್ಯಾಯವಲ್ಲ. ಆದರೆ ಯಾವುದು ಇಳಿಯಿತು, ಯಾವುದು ಇಳಿಯಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ನಮ್ಮ ಮನೆಗಳಿಗೆ ಬರುವ ಬೆಲೆಗಳು ಎರಡು ಬಗೆಯವು. ಮೊದಲನೆಯದು ಮಾರುಕಟ್ಟೆಯ ಬೆಲೆ. ಅದು ಏರುತ್ತದೆ, ಇಳಿಯುತ್ತದೆ. ಎರಡನೆಯದು ಆಜ್ಞೆಯ ಬೆಲೆ. ಅದು ಏರುವುದೇ ಹೆಚ್ಚು, ಇಳಿಯುವುದು ಅಪರೂಪ.

ಮಾರುಕಟ್ಟೆಯ ಬೆಲೆಗೆ ತೊಗರಿಯೇ ಸಾಕ್ಷಿ. ಕಲಬುರಗಿಯ ನೆಲವು ತೊಗರಿಯ ಕಣಜವೆನಿಸಿದೆ. ಆದರೂ 2023ರಲ್ಲಿ ಬೇಳೆಯ ಬೆಲೆ ಏರತೊಡಗಿದಾಗ ಕೇಂದ್ರ ಸರಕಾರವು ದಾಸ್ತಾನಿಗೆ ಮಿತಿಯನ್ನು ವಿಧಿಸಬೇಕಾಯಿತು. ಸುಂಕವಿಲ್ಲದೆ ವಿದೇಶದ ತೊಗರಿಯನ್ನು ಬರಮಾಡಿಕೊಳ್ಳುವ ಏರ್ಪಾಡನ್ನೂ ಮುಂದುವರಿಸಬೇಕಾಯಿತು. 2024ರ ನಡುಭಾಗದಲ್ಲಿ ಪೇಟೆಯ ಗೃಹಿಣಿಯು ಕಿಲೋ ಬೇಳೆಗೆ 160 ರೂಪಾಯಿಯ ಆಸುಪಾಸಿನಲ್ಲಿ ತೆತ್ತಳು. ಆ ಬೆಲೆಯನ್ನು ನಂಬಿ ಬಿತ್ತಿದ ರೈತನ ಬೆಳೆ 2025ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದಾಗ ಧಾರಣೆಯು ಕ್ವಿಂಟಲಿಗೆ 7,550 ರೂಪಾಯಿಯ ಬೆಂಬಲ ಬೆಲೆಯ ಮಟ್ಟಕ್ಕೆ ಕುಗ್ಗಿತ್ತು. ರಾಜ್ಯ ಸರಕಾರವು ಅದರ ಮೇಲೆ 450 ರೂಪಾಯಿಯ ಪ್ರೋತ್ಸಾಹಧನವನ್ನು ಘೋಷಿಸಬೇಕಾಯಿತು. ಒಂದು ವರ್ಷ ಕೊಳ್ಳುವವನು ಅತ್ತನು, ಮರುವರ್ಷ ಬೆಳೆಯುವವನು ಅತ್ತನು. ನಡುವಿನವನು ಎರಡು ವರ್ಷವೂ ಅಳಲಿಲ್ಲ. ಟೊಮೆಟೊದ ಕಥೆಯೂ ಇದೇ. 2023ರ ಜುಲೈಯಲ್ಲಿ ಕಿಲೋಗೆ 100 ರೂಪಾಯಿಯನ್ನು ದಾಟಿದ ಈ ಹಣ್ಣಿನಲ್ಲಿ ಗ್ರಾಹಕನು ಕೊಡುವ ಒಂದು ರೂಪಾಯಿಯಲ್ಲಿ ಬೆಳೆದವನ ಕೈಗೆ ಸೇರುವುದು ಸುಮಾರು 33 ಪೈಸೆ ಮಾತ್ರವೆಂದು ರಿಸರ್ವ್ ಬ್ಯಾಂಕು 2024ರಲ್ಲಿ ಪ್ರಕಟಿಸಿದ ಅಧ್ಯಯನವೇ ಹೇಳುತ್ತದೆ.

ಇನ್ನು ಆಜ್ಞೆಯ ಬೆಲೆಗಳನ್ನು ನೋಡೋಣ. 2025ನೆಯ ಜನವರಿ 5ರಂದು ರಾಜ್ಯ ಸಾರಿಗೆ ಬಸ್ಸುಗಳ ದರವು ಶೇಕಡಾ 15ರಷ್ಟು ಏರಿತು. ಫೆಬ್ರವರಿ 9ರಂದು ಬೆಂಗಳೂರಿನ ಮೆಟ್ರೋ ರೈಲಿನ ಗರಿಷ್ಠ ದರವು 60 ರೂಪಾಯಿಯಿಂದ 90 ರೂಪಾಯಿಗೆ ನೆಗೆಯಿತು. ಏಪ್ರಿಲ್ 1ರಂದು ನಂದಿನಿ ಹಾಲಿನ ಬೆಲೆಯು ಲೀಟರಿಗೆ 4 ರೂಪಾಯಿ ಹೆಚ್ಚಿತು. ಅದೇ ದಿನ ಡೀಸೆಲಿನ ಮೇಲಣ ರಾಜ್ಯದ ಮಾರಾಟ ತೆರಿಗೆಯು ಶೇಕಡಾ 18.44ರಿಂದ 21.17ಕ್ಕೆ ಏರಿತು. ಏಪ್ರಿಲ್ 8ರಂದು ಅಡುಗೆ ಅನಿಲದ ಸಿಲಿಂಡರಿಗೆ 50 ರೂಪಾಯಿ ಹೆಚ್ಚಾಯಿತು. ಇವೆಲ್ಲವೂ ಸುಮಾರು ಮೂರು ತಿಂಗಳ ಅವಧಿಯಲ್ಲಿ ನಡೆದುವು. ಅದೇ ಮಾರ್ಚಿಯಲ್ಲಿ ದೇಶದ ಬೆಲೆಯೇರಿಕೆಯು ಶೇಕಡಾ 3.34ಕ್ಕೆ ಇಳಿದಿತ್ತೆಂಬುದನ್ನು ನೆನೆದರೆ ಜನರ ದೂರಿನ ಮೂಲ ತಿಳಿಯುತ್ತದೆ. ದೇಶದ ಸರಾಸರಿಯು ಇಳಿಯುತ್ತಿದ್ದ ಕಾಲದಲ್ಲಿಯೇ ನಮ್ಮ ಊರುಗಳ ಮನೆಯ ಖರ್ಚು ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು.

ಇದರಲ್ಲಿ ಒಂದೇ ಸರಕಾರವನ್ನು ದೂರುವುದು ನಮ್ಮ ಉದ್ದೇಶವಲ್ಲ. ಅನಿಲದ ಬೆಲೆ ಏರಿದ್ದು ದೆಹಲಿಯಿಂದ, ಹಾಲಿನ ಬೆಲೆಗೆ ಒಪ್ಪಿಗೆ ಸಿಕ್ಕಿದ್ದು ಬೆಂಗಳೂರಿನಿಂದ. ಪ್ರತಿಯೊಂದಕ್ಕೂ ಕಾರಣಗಳಿವೆ. ಹಸುವಿನ ಮೇವು, ಹಿಂಡಿಗಳು ತುಟ್ಟಿಯಾದಾಗ ಹಾಲಿನ ಉತ್ಪಾದಕನಿಗೆ ಹೆಚ್ಚು ಹಣ ಸಲ್ಲಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಪ್ರತಿ ಇಲಾಖೆಯೂ ತನ್ನ ಖಾತೆಯ ಪುಸ್ತಕವನ್ನು ಮಾತ್ರ ನೋಡಿತು. ಇವೆಲ್ಲ ಕೂಡಿ ಬೀಳುವುದು ಒಂದೇ ಮನೆಯ ಮೇಲೆಂಬುದನ್ನು ಯಾರೂ ಕೂಡಿಸಿ ನೋಡಲಿಲ್ಲ. ತೆರಿಗೆಯ ಇಳಿತದ ಫಲವೂ ಗೃಹಸ್ಥನ ಕೈಯಲ್ಲಿ ನಿಲ್ಲುವುದಿಲ್ಲ. 2025ರ ಸೆಪ್ಟೆಂಬರ್ 22ರಂದು ಸರಕು ಮತ್ತು ಸೇವಾ ತೆರಿಗೆ ತಗ್ಗಿದ್ದರಿಂದ ನಂದಿನಿ ತುಪ್ಪವು ಲೀಟರಿಗೆ 650 ರೂಪಾಯಿಯಿಂದ 610 ರೂಪಾಯಿಗೆ ಇಳಿಯಿತು. ನವೆಂಬರ್ ಮೊದಲ ವಾರದಲ್ಲಿ 700 ರೂಪಾಯಿಗೆ ಏರಿತು. ಆರು ವಾರಗಳ ಸಂತೋಷಕ್ಕೆ ತೆತ್ತ ಬೆಲೆ 90 ರೂಪಾಯಿ.

ಈ ಭಾರವು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಸರಕಾರಿ ನೌಕರನಿಗೆ ತುಟ್ಟಿಭತ್ಯೆಯುಂಟು. ಎರಡನೆಯ ಮಹಾಯುದ್ಧದ ದುರ್ಭಿಕ್ಷ ಕಾಲದಲ್ಲಿ ಹುಟ್ಟಿದ ಈ ಏರ್ಪಾಡು ಬೆಲೆಗಳೊಡನೆ ಸಂಬಳವನ್ನೂ ಏರಿಸುತ್ತದೆ. ಇದು ಯೋಗ್ಯವೇ ಸರಿ. ಆದರೆ ಅಂಗಡಿಯ ಗುಮಾಸ್ತೆಗೆ, ಖಾಸಗಿ ಶಾಲೆಯ ಉಪಾಧ್ಯಾಯನಿಗೆ, ಮನೆಗೆಲಸದ ಹೆಂಗಸಿಗೆ ಇಂಥ ರಕ್ಷೆ ಎಲ್ಲಿದೆ? ಕಾರ್ಮಿಕರ ಭವಿಷ್ಯನಿಧಿಗೆ ಸೇರಿದ ಪಿಂಚಣಿಯಲ್ಲಿ 2014ರಲ್ಲಿ ಗೊತ್ತುಮಾಡಿದ 1,000 ರೂಪಾಯಿಯ ಕನಿಷ್ಠ ಮೊತ್ತವು ಹತ್ತು ವರ್ಷ ಕಳೆದರೂ ಒಂದು ರೂಪಾಯಿ ಹೆಚ್ಚಲಿಲ್ಲ. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿಯು ಅನೇಕ ಮನೆಗಳಿಗೆ ಆಸರೆಯಾಗಿದೆಯೆಂಬುದು ನಿರ್ವಿವಾದ. ಆದರೆ ಬೆಲೆಗಳೊಡನೆ ಏರದ ಯಾವ ಮೊತ್ತವೂ ವರ್ಷದಿಂದ ವರ್ಷಕ್ಕೆ ತಾನಾಗಿಯೇ ಕರಗುತ್ತದೆ.

ಕರಗಿದ್ದನ್ನು ತುಂಬಿಕೊಳ್ಳಲು ಮನೆಯವರು ಏನು ಮಾಡುತ್ತಾರೆ? 2023-24ರ ಕುಟುಂಬ ವೆಚ್ಚದ ರಾಷ್ಟ್ರೀಯ ಸಮೀಕ್ಷೆಯಂತೆ ಹಳ್ಳಿಯವರ ಖರ್ಚಿನಲ್ಲಿ ಶೇಕಡಾ 47ರಷ್ಟು, ಪಟ್ಟಣದವರ ಖರ್ಚಿನಲ್ಲಿ ಶೇಕಡಾ 40ರಷ್ಟು ಆಹಾರಕ್ಕೇ ಹೋಗುತ್ತದೆ. ಬಾಡಿಗೆಯನ್ನು ಕಡಿಮೆಮಾಡಲಾಗದು, ಮಕ್ಕಳ ಶುಲ್ಕವನ್ನು ತಪ್ಪಿಸಲಾಗದು, ಬಸ್ಸನ್ನು ಬಿಟ್ಟರೆ ಕೆಲಸವೇ ತಪ್ಪುತ್ತದೆ. ಉಳಿದಿರುವುದು ಅಡುಗೆಮನೆಯೊಂದೇ. ಅಲ್ಲಿಯೂ ಅಕ್ಕಿಯು ನ್ಯಾಯಬೆಲೆಯ ಅಂಗಡಿಯಿಂದ ಬರುವುದರಿಂದ ಅನ್ನ ಕಡಿಮೆಯಾಗುವುದಿಲ್ಲ. ಬೇಳೆ ತೆಳುವಾಗುತ್ತದೆ, ಹಾಲಿಗೆ ನೀರು ಹೆಚ್ಚುತ್ತದೆ, ತರಕಾರಿ ದಿನ ಬಿಟ್ಟು ದಿನವಾಗುತ್ತದೆ. ಹೊಟ್ಟೆ ತುಂಬಿದಂತೆ ಕಂಡರೂ ಮೈಗೆ ಹತ್ತುವುದಿಲ್ಲ. ಎಲ್ಲರಿಗೂ ಬಡಿಸಿ ಕಡೆಗೆ ಕೂರುವ ತಾಯಿಯ ತಟ್ಟೆಯಲ್ಲಿ ಈ ಕೊರತೆ ಮೊದಲು ಕಾಣುತ್ತದೆ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯು ಕರ್ನಾಟಕದ ಸ್ತ್ರೀಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆಯೆಂದೂ, ಐದು ವರ್ಷದೊಳಗಿನ ಮಕ್ಕಳಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲವೆಂದೂ ತಿಳಿಸಿದೆ. ಇದಕ್ಕೆಲ್ಲ ಬೆಲೆಯೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಮೊದಲೇ ಸೊರಗಿದ ಮೈಯಿಂದ ಬೇಳೆ ಹಾಲುಗಳನ್ನು ಕಿತ್ತುಕೊಳ್ಳುವ ಬೆಲೆಯು ಯಾವ ಆಯವ್ಯಯ ಪತ್ರದಲ್ಲಿಯೂ ಬರೆಯದ ಒಂದು ತೆರಿಗೆಯೇ ಆಗಿದೆ.

ಹಾಗಾದರೆ ಆಗಬೇಕಾದುದೇನು? ಮೊದಲನೆಯದಾಗಿ, ಸರಕಾರಗಳು ತಾವು ಗೊತ್ತುಮಾಡುವ ಬೆಲೆಗಳನ್ನೆಲ್ಲ ಕೂಡಿಸಿ, ಸಾಧಾರಣ ಕುಟುಂಬವೊಂದರ ತಿಂಗಳ ಖರ್ಚಿನ ಮೇಲೆ ಅವುಗಳ ಒಟ್ಟು ಭಾರವೆಷ್ಟೆಂಬುದನ್ನು ಪ್ರತಿ ವರ್ಷ ಆಯವ್ಯಯದೊಡನೆ ಪ್ರಕಟಿಸಲಿ. ಲೆಕ್ಕವು ಬಹಿರಂಗವಾದರೆ ಎಲ್ಲ ಏರಿಕೆಗಳನ್ನೂ ಒಂದೇ ಋತುವಿನಲ್ಲಿ ಹೇರುವ ಧೈರ್ಯ ಬರಲಾರದು. ಎರಡನೆಯದಾಗಿ, ಬೇಳೆಕಾಳುಗಳ ಆಮದು ಸುಂಕವು ಮುಂಗಾರಿನ ಬಿತ್ತನೆಗೆ ಮುಂಚೆಯೇ ಗೊತ್ತಾಗಲಿ. ಸುಗ್ಗಿಯಲ್ಲಿ ಸರಕಾರವು ಬೆಂಬಲ ಬೆಲೆಗೆ ಕೊಂಡು ಕೂಡಿಟ್ಟದ್ದನ್ನು ಅಭಾವದ ತಿಂಗಳುಗಳಲ್ಲಿ ಹೊರಬಿಡಲಿ. ಮೂರನೆಯದಾಗಿ, ಬಡವರಿಗೆ ಸಲ್ಲುವ ಪಿಂಚಣಿ ಮತ್ತು ಸಹಾಯಧನಗಳನ್ನು ನೌಕರರ ತುಟ್ಟಿಭತ್ಯೆಯಂತೆಯೇ ಬೆಲೆ ಸೂಚ್ಯಂಕಕ್ಕೆ ಜೋಡಿಸಲಿ. ನಾಲ್ಕನೆಯದಾಗಿ, ಪಡಿತರವು ಅಕ್ಕಿಗಷ್ಟೇ ನಿಲ್ಲದಿರಲಿ. ಹೆಚ್ಚುವರಿ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪುಗಳನ್ನು ಕೊಡಬೇಕೆಂದು ರಾಜ್ಯದ ಸಚಿವಸಂಪುಟವು 2025ರ ಅಕ್ಟೋಬರಿನಲ್ಲಿ ಮಾಡಿದ ತೀರ್ಮಾನವು ಸರಿಯಾದ ದಿಕ್ಕಿನದು. ಅದನ್ನು ಕಾಗದದ ಮೇಲಲ್ಲ, ತಕ್ಕಡಿಯ ಮೇಲೆ ಪರೀಕ್ಷಿಸಬೇಕು.

ಇವುಗಳಲ್ಲಿ ಯಾವುದೂ ಅಸಾಧ್ಯವಾದುದಲ್ಲ. ತುಟ್ಟಿಭತ್ಯೆಯ ಲೆಕ್ಕವನ್ನು ಆರಾರು ತಿಂಗಳಿಗೊಮ್ಮೆ ತಪ್ಪದೆ ಹಾಕಬಲ್ಲ ಅಧಿಕಾರಿಗಳಿಗೆ ತಮ್ಮ ಮನೆಯ ಪಾತ್ರೆ ತೊಳೆಯುವವಳ ಲೆಕ್ಕವನ್ನು ಹಾಕುವುದು ಕಷ್ಟವಾಗಬಾರದು. ವಿದ್ಯಾವಂತರಾದ ಪಟ್ಟಣಿಗರು ಸಹ ತಮ್ಮ ಭತ್ಯೆ ಏರಿದ ದಿನ, ಅದೇ ಏರಿಕೆಯು ಯಾರಿಗೆ ಸಿಗಲಿಲ್ಲವೆಂಬುದನ್ನು ಒಮ್ಮೆ ಕೇಳಿಕೊಳ್ಳುವುದು ಉಚಿತ. ಹಾಗೆ ಕೇಳುವವರು ಹೆಚ್ಚಿದರೆ ಸರಕಾರಗಳು ಉತ್ತರ ಕೊಡಲೇಬೇಕಾಗುತ್ತದೆ.