ಮಗುವಿನ ಮುಖ ಊದಿದೆಯೇ? ಮೊದಲು ಮೂತ್ರ ಪರೀಕ್ಷೆ ಮಾಡಿಸಿ!

ಬೆಳಿಗ್ಗೆ ಎದ್ದ ಮಗುವಿನ ಕಣ್ಣುರೆಪ್ಪೆ ಊದಿದೆ. ರಾತ್ರಿ ಸೊಳ್ಳೆ ಕಚ್ಚಿರಬೇಕು ಅಂತ ತಾಯಿ ಸುಮ್ಮನಾಗುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಊತ ಇಳಿದಿರುತ್ತದೆ. ಮಾರನೇ ದಿನ ಮತ್ತೆ ಅದೇ. ಮೂರನೇ ದಿನ ಅಜ್ಜಿ ದೃಷ್ಟಿ ತೆಗೆಯುತ್ತಾಳೆ. ನಾಲ್ಕನೇ ದಿನ ಔಷಧಿ ಅಂಗಡಿಯಿಂದ ಅಲರ್ಜಿಗೆ ಅಂತ ಒಂದು ಸೀಸೆ ಬರುತ್ತದೆ. ವಾರ ಕಳೆಯುವಷ್ಟರಲ್ಲಿ ಕಾಲು ಊದಿದೆ, ಹೊಟ್ಟೆ ಗುಡಾಣವಾಗಿದೆ, ಚಡ್ಡಿ ಬಿಗಿಯಾಗಿದೆ. ನೆರೆಮನೆಯವರು ಮಾತ್ರ, ‘ಪರವಾಗಿಲ್ಲ, ಮಗು ಮೈ ತುಂಬಿಕೊಂಡಿದೆ’ ಅನ್ನುತ್ತಾರೆ!

ಮೈ ತುಂಬಿದ್ದು ಮಾಂಸದಿಂದಲ್ಲ, ನೀರಿನಿಂದ.

ಜಗಳೂರು, ಚನ್ನಗಿರಿ, ಹೊನ್ನಾಳಿ ಕಡೆಯಿಂದ ದಾವಣಗೆರೆಗೆ ಬರುವ ಬೆಳಗಿನ ಬಸ್ಸುಗಳಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೊರಟವರು ಇದ್ದೇ ಇರುತ್ತಾರೆ. ಮುಖ ಊದಿದ ಮಗುವಿನ ಕಥೆ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಕಾಯಿಲೆ ಹಿಡಿಯುವ ಪರೀಕ್ಷೆ ಅಗ್ಗ, ಔಷಧಿಯೂ ಅಗ್ಗ. ಆದರೂ ಮಕ್ಕಳು ನರಳುವುದು ಯಾಕೆ ಅನ್ನುವುದೇ ಪ್ರಶ್ನೆ.

ಜರಡಿ ಕೆಟ್ಟ ಕಥೆ

ಕಿಡ್ನಿ, ಅಂದರೆ ಮೂತ್ರಪಿಂಡ, ಮೈಯೊಳಗಿನ ಜರಡಿ. ಕಸವನ್ನು ಹೊರಗೆ ಬಿಡುತ್ತದೆ, ಬೇಕಾದ್ದನ್ನು ಒಳಗೆ ಉಳಿಸಿಕೊಳ್ಳುತ್ತದೆ. ಈ ಜರಡಿಯ ಕಣ್ಣು ಅಗಲವಾದರೆ ರಕ್ತದಲ್ಲಿರಬೇಕಾದ ಆಲ್ಬುಮಿನ್ ಎಂಬ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುತ್ತದೆ. ಆಗ ನೀರು ರಕ್ತನಾಳ ಬಿಟ್ಟು ಮೈಯಲ್ಲಿ ನಿಲ್ಲುತ್ತದೆ. ಊತ ಬರುವುದು ಹೀಗೆ. ಉಚ್ಚೆಯಲ್ಲಿ ಸೋಪಿನಂಥ ನೊರೆ ಕಾಣುವುದೂ ಇದರಿಂದಲೇ.

ಡಾಕ್ಟರುಗಳು ಇದಕ್ಕೆ ನೆಫ್ರಾಟಿಕ್ ಸಿಂಡ್ರೋಮ್ ಅನ್ನುತ್ತಾರೆ. 2ರಿಂದ 6 ವರ್ಷದ ಮಕ್ಕಳಲ್ಲಿ ಹೆಚ್ಚು. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಿಗೆ ಜಾಸ್ತಿ. ಇದು ಅಂಟುಜಾಡ್ಯ ಅಲ್ಲ, ಯಾರ ಕಣ್ಣೂ ತಾಗಿದ್ದಲ್ಲ, ತಾಯಿಯ ಅಡಿಗೆಯ ದೋಷವೂ ಅಲ್ಲ.

ಒಂದು ನಿಮಿಷದ ಪರೀಕ್ಷೆ

1827ರಲ್ಲಿ ಲಂಡನ್ನಿನ ರಿಚರ್ಡ್ ಬ್ರೈಟ್ ಎಂಬ ವೈದ್ಯ ಊತ ಬಂದ ರೋಗಿಗಳ ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣದಬತ್ತಿಯ ಮೇಲೆ ಕಾಯಿಸಿ ನೋಡಿದ. ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟಿತು. ಕಾಯಿಲೆ ಕಿಡ್ನಿಯದು ಅಂತ ಹೀಗೆ ಗೊತ್ತಾಯಿತು. ಅದಾಗಿ ಸುಮಾರು ಇನ್ನೂರು ವರ್ಷ. ಈಗ ಚಮಚವೂ ಬೇಡ, ಮೇಣದಬತ್ತಿಯೂ ಬೇಡ. ಒಂದು ಕಡ್ಡಿಯನ್ನು ಮೂತ್ರದಲ್ಲಿ ಅದ್ದಿ ತೆಗೆದರೆ ನಿಮಿಷದೊಳಗೆ ಬಣ್ಣ ತಿರುಗಿ ಹೇಳುತ್ತದೆ: ಇಲ್ಲ, ಸ್ವಲ್ಪ ಇದೆ, ಅಥವಾ ‘ಮೂರು ಪ್ಲಸ್’.

ಪ್ಲಸ್ ಬಂದರೆ ರಕ್ತ ಪರೀಕ್ಷೆ, ಬಿ.ಪಿ. ನೋಡುವುದು, ಬೇಕಾದರೆ ಸ್ಕ್ಯಾನಿಂಗ್. ಹೌದು, ಮಕ್ಕಳಿಗೂ ಬಿ.ಪಿ. ನೋಡಬೇಕು. ಊದಿದ್ದೆಲ್ಲ ಇದೇ ಕಾಯಿಲೆ ಅಂತಲೂ ಅಲ್ಲ. ಗಂಟಲು ನೋವೋ ಕಜ್ಜಿಯೋ ಬಂದು ಒಂದೆರಡು ವಾರದ ಮೇಲೆ ಮುಖ ಊದಿ, ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ, ಬಿ.ಪಿ. ಏರಿದರೆ ಅದು ಬೇರೆ ಜಾತಿಯ ಕಿಡ್ನಿ ಕಾಯಿಲೆ. ಗಂಡುಕೂಸು ತಿಣುಕಿ ತಿಣುಕಿ ಹನಿಹನಿಯಾಗಿ ಉಚ್ಚೆ ಹೊಯ್ದರೆ ಮೂತ್ರದ ದಾರಿಯಲ್ಲಿ ಹುಟ್ಟಿನಿಂದಲೇ ಅಡ್ಡ ಪರದೆ ಇರಬಹುದು. ಅದಕ್ಕೆ ಮಾತ್ರೆಯಲ್ಲ, ಆಪರೇಷನ್. ತಡಮಾಡಿದಷ್ಟೂ ಕಿಡ್ನಿಗೆ ಪೆಟ್ಟು.

ಊತ ಇಳಿಯಿತು, ಮಾತ್ರೆ ನಿಂತಿತು

ನೆಫ್ರಾಟಿಕ್ ಕಾಯಿಲೆಗೆ ಕೊಡುವುದು ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ. ಹತ್ತು ಮಕ್ಕಳಲ್ಲಿ ಎಂಟಕ್ಕೂ ಹೆಚ್ಚು ಮಕ್ಕಳಿಗೆ ಇದು ಹಿಡಿಯುತ್ತದೆ. ಸಾಮಾನ್ಯವಾಗಿ ನಾಲ್ಕು ವಾರದೊಳಗೆ ಮೂತ್ರ ತಿಳಿಯಾಗುತ್ತದೆ, ಊತ ಇಳಿಯುತ್ತದೆ.

ಎಡವಟ್ಟಾಗುವುದು ಇಲ್ಲಿಯೇ. ಮಗು ಓಡಾಡುತ್ತಿದೆ, ಇನ್ನು ಯಾಕೆ ಮಾತ್ರೆ? ‘ಸ್ಟೀರಾಯ್ಡ್ ಅಂತೆ ಕಣ್ರೀ, ಮೂಳೆ ತಿಂದುಹಾಕುತ್ತಂತೆ’ ಅಂತ ಪಕ್ಕದ ಸೀಟಿನವರು ಹೇಳುತ್ತಾರೆ. ದಾವಣಗೆರೆಗೆ ಬಂದು ಹೋಗಲು ಒಂದು ದಿನ ಅಂಗಡಿ ಬಾಗಿಲು ಹಾಕಬೇಕು, ಕೂಲಿಯವರಿಗೆ ಒಂದು ದಿನದ ಕೂಲಿ ಹೋಗುತ್ತದೆ. ಮಾತ್ರೆ ನಿಲ್ಲುತ್ತದೆ.

ಆದರೆ ಮೊದಲ ಸಲದ ಲೆಕ್ಕ 12 ವಾರ. ಆರು ವಾರ ದಿನಾಲೂ, ಮತ್ತಾರು ವಾರ ದಿನ ಬಿಟ್ಟು ದಿನ. ಪ್ರಮಾಣ ಮಗುವಿನ ತೂಕ ನೋಡಿ ಡಾಕ್ಟರೇ ಗೊತ್ತು ಮಾಡಬೇಕು. ಸ್ಟೀರಾಯ್ಡ್ ನುಂಗುವಾಗ ಮೈ ತಾನೇ ಮಾಡಿಕೊಳ್ಳುವ ಅದೇ ಜಾತಿಯ ರಸದ ಉತ್ಪತ್ತಿ ಮಲಗಿರುತ್ತದೆ. ಗಕ್ಕನೆ ನಿಲ್ಲಿಸಿದರೆ ಸುಸ್ತು, ವಾಂತಿ, ಕೆಲವೊಮ್ಮೆ ಪ್ರಾಣಕ್ಕೇ ಕುತ್ತು.

ಪಕ್ಕದ ಸೀಟಿನವರ ಮಾತು ಪೂರಾ ಸುಳ್ಳೂ ಅಲ್ಲ. ಮುಖ ದುಂಡಗಾಗುತ್ತದೆ, ಹಸಿವು ಹೆಚ್ಚುತ್ತದೆ, ಬಿ.ಪಿ. ಏರಬಹುದು. ವರ್ಷಗಟ್ಟಲೆ ನುಂಗಿದರೆ ಎತ್ತರ ಕುಂಠಿತವಾಗಬಹುದು. ಆದ್ದರಿಂದಲೇ ಡಾಕ್ಟರ ಕಣ್ಣಳತೆಯಲ್ಲಿರಬೇಕು. ಔಷಧಿಗೆ ಹೆದರಿ ಬಿಟ್ಟರೂ ಕಷ್ಟ, ಹಳೇ ಚೀಟಿ ತೋರಿಸಿ ತಾವೇ ಕೊಂಡು ನುಂಗಿಸಿದರೂ ಕಷ್ಟ.

ಇನ್ನೊಂದು ಮಾತನ್ನು ಮೊದಲ ದಿನವೇ ತಂದೆತಾಯಿಗೆ ಬಿಡಿಸಿ ಹೇಳಬೇಕು. ಅರ್ಧಕ್ಕೂ ಹೆಚ್ಚು ಮಕ್ಕಳಿಗೆ ಕಾಯಿಲೆ ಮರುಕಳಿಸುತ್ತದೆ. ನೆಗಡಿಯೊಂದು ಸಾಕು ಮತ್ತೆ ಊದಲು. ಇದು ಡಾಕ್ಟರ ಸೋಲಲ್ಲ, ಕಾಯಿಲೆಯ ಗುಣವೇ ಹಾಗೆ. ಮಾತ್ರೆಗೆ ಬಗ್ಗುವ ಮಕ್ಕಳ ಕಿಡ್ನಿ ಸಾಮಾನ್ಯವಾಗಿ ಕೆಡುವುದಿಲ್ಲ. ದೊಡ್ಡವರಾಗುತ್ತ ಹೆಚ್ಚಿನವರಿಗೆ ಕಾಯಿಲೆ ಬಿಟ್ಟುಹೋಗುತ್ತದೆ. ಅಲ್ಲಿಯವರೆಗೆ ಕಾಯಬೇಕಾದ್ದು ಸೋಂಕಿನಿಂದ. ಜ್ವರದ ಜೊತೆ ಹೊಟ್ಟೆನೋವು ಬಂದರೆ, ಮನೆಯಲ್ಲೋ ಶಾಲೆಯಲ್ಲೋ ಸೀತಾಳೆ ಸಿಡುಬು ಕಂಡರೆ, ನಾಳೆ ಸಂತೆ ಮುಗಿಸಿ ಹೋದರಾಯಿತು ಅನ್ನಬಾರದು. ಅವತ್ತೇ ಆಸ್ಪತ್ರೆ.

ಒಂದು ನೋಟುಪುಸ್ತಕ ಸಾಕು

ಅಂಗಡಿಯವರಿಗೆ ಲೆಕ್ಕ ಬರೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಈ ಕಾಯಿಲೆಗೂ ಅಂಥದೇ ಒಂದು ಖಾತೆ ಬೇಕು. ಬೆಳಗಿನ ಮೊದಲ ಮೂತ್ರಕ್ಕೆ ಕಡ್ಡಿ ಅದ್ದಿ, ಬಂದದ್ದನ್ನು ತಾರೀಖಿನ ಮುಂದೆ ಬರೆಯುವುದು. ಯಾವ ಮಾತ್ರೆ ಎಷ್ಟು ಅಂತಲೂ ಬರೆಯುವುದು. ಮೂರು ದಿನ ಸತತವಾಗಿ ‘ಮೂರು ಪ್ಲಸ್’ ಬಂದರೆ ಕಾಯಿಲೆ ಮರಳಿದೆ ಅಂತಲೇ ಅರ್ಥ. ಊತ ಬರುವ ಮುಂಚೆಯೇ ಗೊತ್ತಾದರೆ ಬಸ್ಸು ಹತ್ತಲು ಸಮಯವಿರುತ್ತದೆ.

ಊಟದ ವಿಷಯದಲ್ಲಿ ಹೆಚ್ಚು ಪಥ್ಯ ಬೇಡ. ಬೇಳೆ, ಹಾಲು, ಮೊಟ್ಟೆ ಬಿಡಿಸಿ ಮಗುವನ್ನು ಸೊರಗಿಸಬಾರದು. ಊತ ಇರುವಷ್ಟು ದಿನ ಉಪ್ಪಿಗೆ ಕಡಿವಾಣ. ಅಂದರೆ ಉಪ್ಪಿನಕಾಯಿ, ಹಪ್ಪಳ ಮಾತ್ರವಲ್ಲ, ದಾವಣಗೆರೆಯವರ ಪ್ರಾಣವಾದ ಮಂಡಕ್ಕಿ ಮೆಣಸಿನಕಾಯಿಯೂ ದೂರ!

ಕೊನೆಗೆ ಯಂತ್ರವಿದೆ, ಮೊದಲಿಗೆ?

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. 2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಡಯಾಲಿಸಿಸ್ ಯೋಜನೆ ತಂದಿತು. ಜಿಲ್ಲಾ ಆಸ್ಪತ್ರೆಗಳಿಗೆ ಯಂತ್ರ ಬಂದವು, ಬಡವರಿಗೆ ಉಪಕಾರವಾಯಿತು. ಆದರೆ ಡಯಾಲಿಸಿಸ್ ಅನ್ನುವುದು ಕಿಡ್ನಿ ಕೈಕೊಟ್ಟ ಮೇಲಿನ ಮಾತು. ಅದರಲ್ಲೂ 10 ಕೆ.ಜಿ. ತೂಕದ ಕೂಸಿನ ಮೈಯಲ್ಲಿರುವುದೇ ಸುಮಾರು 800 ಮಿ.ಲೀ. ರಕ್ತ. ದೊಡ್ಡವರ ಕೊಳವೆ, ದೊಡ್ಡವರ ಲೆಕ್ಕ ಅದಕ್ಕೆ ಒಗ್ಗದು.

ಇನ್ನು ಕಾಯಿಲೆಯ ಮೊದಲ ತುದಿ ನೋಡೋಣ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಹೋಗಿ ಮಕ್ಕಳನ್ನು ನೋಡಬೇಕು. ಒಳ್ಳೇ ಯೋಜನೆ. ಹೃದಯ, ಕಿವಿ, ಕಣ್ಣು, ಹಲ್ಲು, ಸೀಳುತುಟಿ ಎಲ್ಲ ಸೇರಿ 30 ತೊಂದರೆಗಳ ಮೂಲ ಪಟ್ಟಿಯಿದೆ. ಆ ಪಟ್ಟಿಯಲ್ಲಿ ಕಿಡ್ನಿಯ ಹೆಸರೇ ಇಲ್ಲ!

ಜಪಾನಿನಲ್ಲಿ 1974ರಿಂದಲೂ ಶಾಲಾ ಮಕ್ಕಳೆಲ್ಲರ ಮೂತ್ರ ಪರೀಕ್ಷೆ ನಡೆಯುತ್ತಿದೆ. ಅಮೆರಿಕದ ಮಕ್ಕಳ ವೈದ್ಯರ ಸಂಘ ಮಾತ್ರ 2007ರಲ್ಲಿ, ಎಲ್ಲ ಮಕ್ಕಳಿಗೂ ಮಾಡುವುದರಿಂದ ಅಷ್ಟೇನೂ ಲಾಭವಿಲ್ಲ ಅಂತ ಅದನ್ನು ಕೈಬಿಡಲು ಹೇಳಿತು. ಎರಡೂ ಕಡೆ ನ್ಯಾಯವಿದೆ. ಇಲ್ಲಿ ಲಕ್ಷಾಂತರ ಮಕ್ಕಳಿಗೆ ಮಾಡಿ ಅಂತ ಯಾರೂ ಹಟ ಹಿಡಿಯಬೇಕಿಲ್ಲ. ಮುಖ ಊದಿದ ಮಗು, ಮೂತ್ರದ ಬಣ್ಣ ಕೆಟ್ಟ ಮಗು, ಕಾರಣವಿಲ್ಲದೆ ಬೆಳವಣಿಗೆ ನಿಂತ ಮಗು, ಇಷ್ಟಕ್ಕಾದರೂ ಆ ತಂಡದ ಪೆಟ್ಟಿಗೆಯಲ್ಲಿ ಒಂದು ಡಬ್ಬಿ ಕಡ್ಡಿ ಇರಲಿ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇರಲಿ, ಮಕ್ಕಳ ಅಳತೆಯ ಬಿ.ಪಿ. ಪಟ್ಟಿಯೊಂದಿಗೆ.

ಆರು ವಾರ ಮಾತ್ರೆ ನುಂಗಿದರೂ ಬಗ್ಗದ ಕಾಯಿಲೆಗೆ ಕಿಡ್ನಿಯ ಚೂರು ತೆಗೆದು ಪರೀಕ್ಷಿಸಬೇಕು, ಬೇರೆ ಔಷಧಿ ಬೇಕು. ಆಗ ಬೆಂಗಳೂರೇ ಗತಿ. ಅಲ್ಲಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಸೇಂಟ್ ಜಾನ್ಸ್ ಆಸ್ಪತ್ರೆಗಳಲ್ಲಿ ಮಕ್ಕಳ ಕಿಡ್ನಿಗೇ ಮೀಸಲಾದ ವಿಭಾಗಗಳಿವೆ. ಆದರೆ ದಾವಣಗೆರೆಯಿಂದ 250 ಕಿಲೋಮೀಟರಿಗೂ ಹೆಚ್ಚು ದೂರ. ತಿಂಗಳಿಗೊಮ್ಮೆ ತಜ್ಞರೊಬ್ಬರು ಜಿಲ್ಲಾ ಕೇಂದ್ರಕ್ಕೆ ಬಂದು ಈ ಮಕ್ಕಳನ್ನು ನೋಡಿಹೋಗುವ ಏರ್ಪಾಡಾದರೆ ನೂರು ತಾಯಂದಿರು ಬಸ್ಸು ಹತ್ತುವುದು ತಪ್ಪುತ್ತದೆ. ಇದಕ್ಕೆ ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆ ಬೇಡ, ಹಾರತುರಾಯಿ ಬೇಡ. ಹಾಗಾಗಿಯೇ ಯಾರಿಗೂ ಹೊಳೆಯುತ್ತಿಲ್ಲವೋ ಏನೋ!

ಲಕ್ಷಗಟ್ಟಲೆಯ ಯಂತ್ರ ಬಂದಾಗ ರಿಬ್ಬನ್ ಕತ್ತರಿಸಲು ಮಂತ್ರಿಗಳು ಬರುತ್ತಾರೆ. ಕೆಲವೇ ರೂಪಾಯಿಯ ಕಡ್ಡಿಗೆ ಯಾರು ಬರುತ್ತಾರೆ? ಅವರು ಬರುವವರೆಗೆ ಕಾಯುವುದು ಬೇಡ. ನಾಳೆ ಬೆಳಿಗ್ಗೆ ಮಗುವಿನ ಕಣ್ಣು ಊದಿದ್ದರೆ ದೃಷ್ಟಿ ತೆಗೆಯಿರಿ, ಬೇಡ ಅನ್ನುವವರಿಲ್ಲ. ಆದರೆ ಅದಕ್ಕೆ ಮುಂಚೆ ಮೂತ್ರ ಪರೀಕ್ಷೆ ಮಾಡಿಸಿ.