ಈಡು ಹಾರದಿದ್ದರೆ ಮದ್ದು ಹೆಚ್ಚಿಸಬೇಡಿ

ಹೊಸ ಕೋವಿ ತಂದವರ ಬಾಯಲ್ಲಿ ಒಂದೇ ದೂರು ಕೇಳ್ತೀವಿ: "ಕುದುರೆ ಬೀಳ್ತದೆ, ಈಡು ಹಾರಲ್ಲ. ಮಾಡಿದೋರೇ ಮೋಸ ಮಾಡವ್ರೆ." ಅದಕ್ಕೆ ಊರಿನ ಅನುಭವಸ್ಥರು ಹೇಳೋ ಪರಿಹಾರವೂ ಒಂದೇ: "ಇನ್ನೊಂದು ಚೂರು ಮದ್ದು ಜಾಸ್ತಿ ಹಾಕು." ಈ ಎರಡು ಮಾತೂ ತಪ್ಪು ಅನ್ನೋದು ನನ್ನ ಅಭಿಪ್ರಾಯ. ಮೊದಲ ಮಾತು ನಂಬಿದರೆ ಬೆಳೆ ಹೋಗುತ್ತೆ, ಎರಡನೆಯದನ್ನು ನಂಬಿದರೆ ಕೈಯೇ ಹೋಗುತ್ತೆ.

ಮಳೆ ನಂಬಿ ಕಡಲೆಕಾಯಿ, ರಾಗಿ ಬೆಳೆಯುವ ನಮ್ಮಂಥವರಿಗೆ ಕೋವಿ ಶೋಕಿಯ ವಸ್ತುವಲ್ಲ. ಕಾಯಿ ಬಲಿಯುವ ಹೊತ್ತಿಗೆ ಸರಿಯಾಗಿ ಹಂದಿ ಹಿಂಡು ಇಳಿಯುತ್ತೆ. ನೇಗಿಲು ಹೂಡಿದ ಹಾಗೆ ಮೂತಿಯಿಂದ ಸಾಲು ಸಾಲೇ ಮಗುಚಿ ಹಾಕುತ್ತೆ. ಡಬ್ಬ ಬಡಿದರೆ ಮೊದಲೆರಡು ರಾತ್ರಿ ಹೆದರುತ್ತೆ, ಮೂರನೇ ರಾತ್ರಿ ಅದಕ್ಕೂ ಒಗ್ಗಿಹೋಗುತ್ತೆ. ಅಂಥ ಹೊತ್ತಲ್ಲಿ ಕೋವಿ ಕೈಕೊಟ್ಟರೆ ರೈತನಿಗೆ ಆಗೋ ಸಂಕಟ ಅನುಭವಿಸಿದವರಿಗೇ ಗೊತ್ತು. ಅದಕ್ಕೇ 1959ರ ಆಯುಧ ಕಾಯ್ದೆಯ 13ನೇ ಕಲಮಿನಲ್ಲಿ ಬೆಳೆ ರಕ್ಷಣೆಗೆ ಅಂತಲೇ, ಬಾಯಿಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡುವ ಅವಕಾಶ ಇದೆ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ, ಒಳಗೆ ಗೀರಿಲ್ಲದ ನಳಿಗೆಯ ಬೇರೆ ಕೋವಿಗೂ ಕೊಡಬಹುದು.

ಹಂದಿ ಕಾಟ ನಮಗೊಬ್ಬರಿಗೇ ಇಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದ ರೈತರಿಗೂ ಇದೇ ಗೋಳು. ಅಲ್ಲಿ ಹಂದಿ ಹೊಡೆಯೋಕೆ ಸೆಮಿ ಆಟೊಮ್ಯಾಟಿಕ್ ರೈಫಲ್ ಬಳಸೋರು ಬಹಳ ಜನ. ಆ ರೈಫಲ್ ಒಂದು ಗುಂಡು ಹಾರಿದ ಕೂಡಲೇ ಖಾಲಿ ತೋಟಾವನ್ನು ತಾನೇ ಹೊರಗೆಸೆದು, ಮುಂದಿನ ತೋಟಾವನ್ನು ತಾನೇ ಒಳಗೆಳೆದುಕೊಳ್ಳುತ್ತೆ. ಈ ಕೆಲಸಕ್ಕೆ ಬೇಕಾದ ಬಲ ಬರೋದು ಹಾರಿದ ಮದ್ದಿನಿಂದಲೇ. ಅಂಗಡಿ ತೋಟಾ ದುಬಾರಿ ಅಂತಲೋ, ತಮ್ಮ ಕೋವಿಗೆ ಹೊಂದುವಂತೆ ಮಾಡಿಕೊಳ್ಳಬೇಕು ಅಂತಲೋ ಕೆಲವರು ಖಾಲಿ ಹಿತ್ತಾಳೆ ತೋಟಾ ಆರಿಸಿ ತಂದು, ಹೊಸ ಕೇಪು, ಮದ್ದು, ಗುಂಡು ಕೂರಿಸಿ ಮನೆಯಲ್ಲೇ ತುಂಬಿಕೊಳ್ತಾರೆ. ಮದ್ದು ಕಡಿಮೆಯಾದರೆ ರೈಫಲಿನ ಒಳಯಂತ್ರ ಪೂರ್ತಿ ಹಿಂದಕ್ಕೆ ಸರಿಯದೆ ಖಾಲಿ ತೋಟಾ ಅಲ್ಲೇ ಸಿಕ್ಕಿಕೊಳ್ಳುತ್ತೆ. ತೋಟಾವನ್ನು ಸರಿಯಾದ ಅಳತೆಗೆ ತಿದ್ದದಿದ್ದರೆ ಅದು ಒಳಗೆ ಕೂರೋದಿಲ್ಲ. ಗುಂಡು ಮುಂದಕ್ಕೆ ಚಾಚಿದ್ದರೆ ತೋಟಾ ಇಡುವ ಪೆಟ್ಟಿಗೆಯಲ್ಲೇ ತಡೆಯುತ್ತೆ. ಕೋವಿ ಹೊಸದಾಗಿದ್ದರಂತೂ ಬೈಗುಳ ಕೋವಿಗೇ.

ಅಲ್ಲಿ ತಿಳಿದವರು ಮಾಡುವ ಮೊದಲ ಪರೀಕ್ಷೆ ಬಹಳ ಸರಳ. ಮನೆಯಲ್ಲಿ ತುಂಬಿದ್ದನ್ನು ಪಕ್ಕಕ್ಕಿಟ್ಟು ಕಾರ್ಖಾನೆ ತೋಟಾ ಹಾಕಿ ಹೊಡೆದು ನೋಡ್ತಾರೆ. ಸರಿಯಾಗಿ ನಡೆದರೆ ತಪ್ಪು ತುಂಬಿದ್ದರಲ್ಲಿದೆ. ಆಗಲೂ ಸಿಕ್ಕಿಕೊಂಡರೆ ಎಣ್ಣೆ ಇದೆಯಾ ನೋಡ್ತಾರೆ, ಪೆಟ್ಟಿಗೆ ಬದಲಾಯಿಸ್ತಾರೆ, ಆಮೇಲೆ ಕೋವಿಯನ್ನು ರಿಪೇರಿಯವರಿಗೆ ತೋರಿಸ್ತಾರೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಬೆಳೆಗೆ ರೋಗ ಬಂದಾಗ ಗೊಬ್ಬರ, ಔಷಧಿ, ನೀರು ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ವಾಸಿಯಾಯ್ತು ಅಂತ ಗೊತ್ತಾಗುತ್ತಾ? ಇದೂ ಹಾಗೇ.

ಬೆಳೆ ಕಾಯುವ ಲೈಸೆನ್ಸಿಗೆ ನಮ್ಮಲ್ಲಿ ಆ ರೈಫಲ್ ಬರೋದಿಲ್ಲ. ಆದರೆ ಪಾಠ ನಮಗೇ ಹೆಚ್ಚು ಬೇಕು. ಅವರಿಗೆ ಕಾರ್ಖಾನೆ ತೋಟಾ ಹಾಕಿ ನೋಡುವ ದಾರಿಯಾದರೂ ಇದೆ. ಕೇಪಿನ ಕೋವಿ ಇಟ್ಟುಕೊಂಡ ರೈತ ಪ್ರತಿ ಈಡನ್ನೂ ಕೈಯಾರೆ ತುಂಬುವವನು. ಕೋವಿ ಬೇರೆ, ಈಡು ಬೇರೆ ಅಲ್ಲ. ಎರಡೂ ಸೇರಿ ಒಂದು ಯಂತ್ರ.

ಹಾಗಾದರೆ ನೋಡೋದು ಹೇಗೆ? ಗಜ ಇಳಿಸಿ ಕೋವಿ ಖಾಲಿ ಇದೆ ಅಂತ ಖಾತ್ರಿ ಮಾಡಿಕೊಳ್ಳೋದು ಮೊದಲ ಕೆಲಸ. ಹೊಸ ಕೋವಿಗೆ ತುಕ್ಕು ಹಿಡಿಯದಿರಲಿ ಅಂತ ಒಳಗೆಲ್ಲ ಎಣ್ಣೆ, ಗ್ರೀಸು ಬಳಿದಿರುತ್ತಾರೆ. ಅದು ಕೇಪಿನ ಕಿಡಿ ಹೋಗುವ ಸಣ್ಣ ತೂತನ್ನು ಮುಚ್ಚುತ್ತೆ. ಒರೆಸಿ, ಒಣಗಿಸಿ, ಮದ್ದು ಹಾಕದೆ ಬರೀ ಕೇಪು ಇಟ್ಟು, ನಳಿಗೆಯ ಬಾಯನ್ನು ನೆಲದ ಮೇಲಿನ ಒಣ ಎಲೆಯ ಹತ್ತಿರ ಹಿಡಿದು ಹೊಡೆಯಿರಿ. ಎಲೆ ಅಲ್ಲಾಡಿದರೆ ದಾರಿ ತೆರೆದಿದೆ. ಅಲ್ಲಾಡದಿದ್ದರೆ ತೂತು ಕಟ್ಟಿದೆ, ಅಲ್ಲಿ ಎಷ್ಟು ಮದ್ದು ಸುರಿದರೂ ವ್ಯರ್ಥ.

ಕೇಪೇ ಸಿಡಿಯದಿದ್ದರೆ ಅದು ತಂಡಿ ಹಿಡಿದಿದೆ, ಇಲ್ಲವೇ ಅಳತೆ ಹೊಂದುತ್ತಿಲ್ಲ, ಇಲ್ಲವೇ ಕುದುರೆಯ ಸ್ಪ್ರಿಂಗ್ ಸೋತಿದೆ. ಮೊದಲ ಹೊಡೆತಕ್ಕೆ ಸಿಡಿಯದೆ ಎರಡನೆಯದಕ್ಕೆ ಸಿಡಿದರೆ ಕೇಪು ಪೂರ್ತಿ ಕೆಳಗೆ ಕೂತಿರಲಿಲ್ಲ ಅಂತಲೇ ಅರ್ಥ ಮಾಡಿಕೊಳ್ಳಿ. ಕೇಪು ಸಿಡಿದು, ದಾರಿ ತೆರೆದಿದ್ದೂ ಈಡು ಹಾರದಿದ್ದರೆ ಮದ್ದು ಇಬ್ಬನಿಗೆ ತೇವ ಆಗಿರುತ್ತೆ. ಹಾರಿದರೂ ಸದ್ದು ಸಪ್ಪೆಯಾದರೆ ಗಜದಿಂದ ಜಡಿದದ್ದು ಸಾಲದು. ಮದ್ದಿಗೂ ಚರೆಗೂ ನಡುವೆ ಸಂದು ಬಿಟ್ಟು ಹೊಡೆದರೆ ನಳಿಗೆ ಉಬ್ಬಬಹುದು, ಸೀಳಲೂಬಹುದು. ಅದಕ್ಕೇ ಗಜದ ಮೇಲೆ ಎರಡು ಗುರುತು ಮಾಡಿಕೊಳ್ಳಿ: ಕೋವಿ ಖಾಲಿ ಇದ್ದಾಗ ಒಂದು, ಸರಿಯಾಗಿ ತುಂಬಿದಾಗ ಇನ್ನೊಂದು. ಖರ್ಚಿಲ್ಲದ ಈ ಎರಡು ಗೆರೆ ಎಷ್ಟೋ ಅನಾಹುತ ತಪ್ಪಿಸುತ್ತೆ.

ದೊಡ್ಡ ಅಪಾಯ ಇರೋದು ಈಡು ಹಾರದ ಮೇಲಿನ ಗಳಿಗೆಯಲ್ಲಿ. ಬಾಯನ್ನು ಯಾರೂ ಇಲ್ಲದ ಕಡೆಗೇ ಹಿಡಿದು ಒಂದೆರಡು ನಿಮಿಷ ಹಾಗೇ ಇರಿ; ಒಳಗೆ ಕಿಡಿ ಮೆಲ್ಲಗೆ ಉರಿದು ತಡವಾಗಿ ಹಾರಬಹುದು. ಬಗ್ಗಿ ನಳಿಗೆಯೊಳಗೆ ಇಣುಕಬೇಡಿ. ಆಮೇಲೆ ಹೊಸ ಕೇಪು ಇಟ್ಟು ನೋಡಿ. ಆಗಲೂ ಹಾರದಿದ್ದರೆ ಕೇಪು ತೆಗೆದು, ನೀರು ಬಿಟ್ಟು ಮದ್ದು ನೆನೆಸಿ, ಬಲ್ಲವರಿಂದ ತೆಗೆಸಿ. ಅದರ ಮೇಲೆ ಇನ್ನೊಂದು ಈಡು ಮಾತ್ರ ತುಂಬಬೇಡಿ. ಗಾಬರಿಯಲ್ಲಿ ಇದು ಯಾರಿಗೂ ಆಗಬಹುದು. 1863ರಲ್ಲಿ ಅಮೆರಿಕದ ಗೆಟ್ಟಿಸ್‌ಬರ್ಗ್ ಯುದ್ಧ ಮುಗಿದ ಮೇಲೆ ಬಯಲಲ್ಲಿ ಆರಿಸಿದ ಸುಮಾರು 27,000 ಕೋವಿಗಳಲ್ಲಿ ಹೆಚ್ಚಿನವು ತುಂಬಿದಂತೇ ಇದ್ದವು. ಸಾವಿರಾರು ಕೋವಿಗಳಲ್ಲಿ ಒಂದರ ಮೇಲೊಂದು ಎರಡು, ಮೂರು, ಇನ್ನೂ ಹೆಚ್ಚು ಈಡು ಇದ್ದವು. ಅವರು ಕವಾಯತು ಕಲಿತ ಸಿಪಾಯಿಗಳು. ಕತ್ತಲಲ್ಲಿ ಅಟ್ಟಣೆ ಮೇಲೆ ಒಬ್ಬನೇ ಕೂತ ರೈತನ ಪಾಡೇನು?

ತೋಟಾ ಒಡೆದು ತೆಗೆದ ಮದ್ದನ್ನು ಕೇಪಿನ ಕೋವಿಗೆ ಹಾಕೋದು ಇನ್ನೊಂದು ಹುಚ್ಚು. ಅದು ಬೇರೆ ಜಾತಿಯ ಮದ್ದು, ಅದರ ಒತ್ತಡವನ್ನು ಈ ನಳಿಗೆ ತಾಳೋದಿಲ್ಲ. ಊರ ಕುಲುಮೆಯಲ್ಲಿ ಕೇಪಿನ ತೂತು ದೊಡ್ಡದು ಮಾಡಿಸೋದೂ ಬೇಡ. ಕೋವಿ ರಿಪೇರಿಗೂ ಲೈಸೆನ್ಸ್ ಬೇಕು, ಇಲ್ಲದಿದ್ದರೆ ಅವನೂ ಸಿಕ್ಕಿಬೀಳ್ತಾನೆ, ನೀವೂ ಸಿಕ್ಕಿಬೀಳ್ತೀರಿ. ಚುನಾವಣೆ ಹೊತ್ತಲ್ಲಿ ಸ್ಟೇಷನ್ನಿನಲ್ಲಿ ಠೇವಣಿ ಇಟ್ಟ ಕೋವಿ ವಾಪಸ್ ಬಂದಾಗಲೂ ಹೊಸ ಕೋವಿ ಅಂತಲೇ ತಿಳಿದು ಮೊದಲಿಂದ ಪರೀಕ್ಷೆ ಮಾಡಿ.

ಇನ್ನೊಂದು ಮಾತು ನೆನಪಿರಲಿ. ಕೋವಿಗೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿ ಹೊಡೆಯುವ ಹಕ್ಕು ಬಂತು ಅಂತಲ್ಲ. ಅದಕ್ಕೆ 1972ರ ವನ್ಯಜೀವಿ ಕಾಯ್ದೆಯ 11ನೇ ಕಲಮಿನಡಿ ಬೇರೆಯೇ ಅನುಮತಿ ಬೇಕು. ಬೆದರಿಸಿ ಓಡಿಸೋಕೆ ಚರೆ ಹಾಕದ ಬರೀ ಸದ್ದೇ ಸಾಕು. ಆದರೆ ಆ ಸದ್ದು ಬೇಕಾದ ಹೊತ್ತಿಗೆ ಬರಬೇಕು.

ಲೈಸೆನ್ಸ್ ಕೊಡುವಾಗ ನಮ್ಮ ಪಹಣಿ ನೋಡ್ತಾರೆ, ಪೊಲೀಸ್ ವರದಿ ತರಿಸ್ತಾರೆ. 2016ರ ಆಯುಧ ನಿಯಮಗಳಲ್ಲಿ ಸುರಕ್ಷತಾ ತರಬೇತಿಯ ಮಾತೂ ಸೇರಿದೆ. ಅದು ಕಾಗದದ ಶಾಸ್ತ್ರ ಆಗಬಾರದು. ಕಡಲೆಕಾಯಿ ಬಿತ್ತನೆ ಮುಗಿದು ಕಾಯಿ ಕಟ್ಟುವ ಮೊದಲು ತಾಲ್ಲೂಕಿಗೊಂದು ಬೆಳಗ್ಗೆ ಕೋವಿ ಇರುವ ರೈತರನ್ನೆಲ್ಲ ಕರೆದು ತುಂಬೋದು, ತೆಗೆಯೋದು, ತೊಳೆಯೋದು ತೋರಿಸಲಿ. ಬಿತ್ತನೆ ಬೀಜಕ್ಕೆ, ಬೆಳೆ ರೋಗಕ್ಕೆ ಶಿಬಿರ ನಡೆಸುವ ಸರ್ಕಾರಕ್ಕೆ ಇದೇನು ಭಾರವಲ್ಲ. ಅಲ್ಲಿಯ ತನಕ ಕೋವಿ ಇರುವ ನಾಲ್ಕು ಮನೆಯವರು ಹಗಲಲ್ಲಿ ಒಟ್ಟಿಗೆ ಕೂತು ಗಜಕ್ಕೆ ಆ ಎರಡು ಗೆರೆಯನ್ನಾದರೂ ಹಾಕಿಕೊಳ್ಳಲಿ.