ಯಂತ್ರ ನಿಂತ ಮೇಲೆ

ಬೆಂಗಳೂರಿನ ಪರೀಕ್ಷಾ ಕೇಂದ್ರವೊಂದರಲ್ಲಿ ಶುಕ್ರವಾರ ಮಧ್ಯಾಹ್ನ ಒಬ್ಬ ನರ್ಸ್ ಹುಡುಗಿಯ ಮುಂದಿನ ಪರದೆ ಥಟ್ಟನೆ ಬರಿದಾಯಿತು. 85ನೆಯ ಪ್ರಶ್ನೆಗೆ ಆಕೆ ಆಗತಾನೆ ಉತ್ತರ ಕೊಟ್ಟಿದ್ದಳು. ಐದು ಗಂಟೆಗಳ ಅವಧಿಯಲ್ಲಿ ಇನ್ನೂ ಎರಡು ಗಂಟೆ ಉಳಿದಿತ್ತು. ಹೊರಗೆ ಬಂದು ಬೀಗದ ಪೆಟ್ಟಿಗೆಯಿಂದ ಕೈಗಡಿಯಾರವನ್ನೂ ಫೋನನ್ನೂ ತೆಗೆದುಕೊಳ್ಳುವಾಗ ಬೆರಳುಗಳು ನಡುಗುತ್ತಿದ್ದವು. ಫಲಿತಾಂಶವನ್ನು ಅಲ್ಲಿ ಯಾರೂ ತಿಳಿಸುವುದಿಲ್ಲ.

ಅಮೆರಿಕದಲ್ಲಿ ನರ್ಸ್ ಆಗಿ ದುಡಿಯಬೇಕೆನ್ನುವವರೆಲ್ಲ ದಾಟಬೇಕಾದ ಹೊಸ್ತಿಲು ಈ ಎನ್‌ಕ್ಲೆಕ್ಸ್ ಪರೀಕ್ಷೆ. ಅಲ್ಲಿಯೇ ಓದಿದವಳಿಗೂ ಇದೇ, ಇಲ್ಲಿಂದ ಹೋಗಬಯಸುವವಳಿಗೂ ಇದೇ. ನೋಂದಣಿಗೆ 200 ಡಾಲರ್, ಹೊರದೇಶದಲ್ಲಿ ಕುಳಿತು ಬರೆಯುವುದಕ್ಕೆ ಮತ್ತೆ 150. ಈ ಹುಡುಗಿಯ ಶುಲ್ಕಕ್ಕಾಗಿ ತಾಯಿಯ ಬಳೆಯೊಂದು ಗಿರವಿ ಅಂಗಡಿಯನ್ನು ಸೇರಿತ್ತು.

1994ಕ್ಕೆ ಮೊದಲು ಇದು ಕಾಗದದ ಮೇಲೆ, ವರ್ಷಕ್ಕೆ ಎರಡೇ ಸಲ, ಎರಡು ದಿನಗಳ ಕಾಲ ನಡೆಯುತ್ತಿದ್ದ ಪರೀಕ್ಷೆ. ಆ ಬಳಿಕ ವಾರಗಟ್ಟಲೆ ಅಂಚೆಯವನ ದಾರಿ ಕಾಯಬೇಕಾಗಿತ್ತು. ಆ ವರ್ಷದ ಏಪ್ರಿಲ್‌ನಿಂದ ಕಂಪ್ಯೂಟರ್ ಬಂದಿತು. ಕಾಯುವ ದಿನಗಳು ಕಡಿಮೆಯಾದವು. ಆದರೆ ಸಂಕಟ ಕಡಿಮೆಯಾಯಿತೆಂದು ಹೇಳುವ ಧೈರ್ಯ ಯಾರಿಗೂ ಬಾರದು.

ಅದಕ್ಕೆ ಕಾರಣ ಈ ಯಂತ್ರದ ರೀತಿಯೇ. ಉತ್ತರ ಸರಿಯಾದರೆ ಮುಂದಿನ ಪ್ರಶ್ನೆ ಇನ್ನಷ್ಟು ಕಠಿಣ, ತಪ್ಪಾದರೆ ತುಸು ಸುಲಭ. ಕುಳಿತವಳು ಸರಿ ಹೇಳುವುದಕ್ಕೂ ತಪ್ಪು ಹೇಳುವುದಕ್ಕೂ ಸರಿಸುಮಾರು ಸಮ ಸಾಧ್ಯತೆಯಿರುವ ಪ್ರಶ್ನೆಯನ್ನೇ ಅದು ಅರಸಿ ತರುತ್ತದೆ. ಹೀಗಾಗಿ ತರಗತಿಗೆಲ್ಲ ಮೊದಲಿಗಳಾಗಿದ್ದವಳೂ ಅರ್ಧಕ್ಕರ್ಧ ತಪ್ಪಿದೆನೆಂಬ ಭಾವನೆಯಿಂದಲೇ ಹೊರಬರುತ್ತಾಳೆ. ಬಿಟ್ಟ ಪ್ರಶ್ನೆಗೆ ಮರಳುವಂತಿಲ್ಲ, ಬರೆದದ್ದನ್ನು ತಿದ್ದುವಂತಿಲ್ಲ. 2023ರ ಏಪ್ರಿಲ್‌ನಿಂದ ಪ್ರಶ್ನೆಗಳು 85ಕ್ಕೆ ಕಡಿಮೆಯಿಲ್ಲ, 150ಕ್ಕೆ ಹೆಚ್ಚಿಲ್ಲ; ಈ ನಡುವೆ ಪಾಸೋ ಫೇಲೋ ಎಂಬುದು ನೂರಕ್ಕೆ 95ರಷ್ಟು ಖಚಿತವಾದೊಡನೆ ಯಂತ್ರ ನಿಲ್ಲುತ್ತದೆ. ಆದುದರಿಂದ 85ಕ್ಕೇ ನಿಂತಿತೆಂದರೆ ಬಹಳ ಚೆನ್ನಾಗಿ ಬರೆದಿರಬಹುದು. ಬಹಳ ಕೆಟ್ಟದಾಗಿಯೂ ಬರೆದಿರಬಹುದು!

ನಿಂತ ಗಳಿಗೆಯಲ್ಲಿಯೇ ಯಂತ್ರಕ್ಕೆ ಉತ್ತರ ತಿಳಿದಿರುತ್ತದೆ. ತಿಳಿಯದಿರುವುದು ಬರೆದವಳಿಗೆ ಮಾತ್ರ. ಉತ್ತರಗಳನ್ನು ಮತ್ತೊಮ್ಮೆ ಎಣಿಸಿ ನೋಡಿದ ಮೇಲೆಯೇ ಫಲಿತಾಂಶ ಹೊರಡುತ್ತದೆ. ಅನೇಕ ರಾಜ್ಯಗಳ ನರ್ಸಿಂಗ್ ಮಂಡಳಿಗಳು ಒಪ್ಪಿರುವ ಏರ್ಪಾಡಿನಂತೆ, 8 ಡಾಲರಿಗೆ ಐದು ಸೆಂಟ್ ಕಡಿಮೆ ತೆತ್ತರೆ, ಎರಡು ಕೆಲಸದ ದಿನಗಳಾದ ಮೇಲೆ ಅದನ್ನು ನೋಡಬಹುದು. ಕೆಲಸದ ದಿನಗಳು! ಶುಕ್ರವಾರ ಬರೆದವಳಿಗೆ ಶನಿವಾರ, ಭಾನುವಾರಗಳು ಲೆಕ್ಕಕ್ಕೇ ಸೇರವು.

ಆ ಎರಡು ದಿನ ಮನೆಯಲ್ಲಿ ನಡೆದುದು ಬಹುಮಟ್ಟಿಗೆ ಮೌನ. ತಾಯಿ ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದರು. ಯಾರೂ ಅದನ್ನು ಎತ್ತಿ ಆಡಲಿಲ್ಲ. ಪಕ್ಕದ ಮನೆಯಾಕೆ ಮಾತ್ರ ಕಾಂಪೌಂಡಿನ ಆಚೆಯಿಂದಲೇ, "ಏನಮ್ಮಾ, ಎಷ್ಟು ಮಾರ್ಕ್ಸ್ ಬರಬಹುದು?" ಎಂದು ವಿಚಾರಿಸಿದರು. ಪಾಸಾದವರಿಗೆ ಈ ಪರೀಕ್ಷೆ ಅಂಕವನ್ನೇ ತಿಳಿಸುವುದಿಲ್ಲವೆಂದು ಅವರಿಗೆ ವಿವರಿಸುವ ತ್ರಾಣ ಹುಡುಗಿಯಲ್ಲಿರಲಿಲ್ಲ. ಫೇಲಾದವರಿಗಾದರೋ ಯಾವ ವಿಷಯದಲ್ಲಿ ಹಿಂದುಳಿದರೆಂಬ ವರದಿಯುಂಟು. ಮತ್ತೆ ಕೂಡಲು 45 ದಿನ ಕಾಯಬೇಕು. ಶುಲ್ಕವನ್ನೂ ಮತ್ತೆ ಕಟ್ಟಬೇಕು.

ಹಿಂದಿನವರು ಇಂಥ ಹೊತ್ತಿನಲ್ಲಿ ಹಲ್ಲಿ ಲೊಚಗುಟ್ಟುವುದನ್ನು ಆಲಿಸುತ್ತಿದ್ದರು. ದೇವರ ಬಲಗಡೆಯಿಂದ ಹೂ ಬಿದ್ದೀತೇ ಎಂದು ಕಾಯುತ್ತಿದ್ದರು. ಈಗಿನ ನರ್ಸ್ ಹುಡುಗಿಯರಿಗೂ ಒಂದು ಶಕುನವಿದೆ. ಮತ್ತೊಮ್ಮೆ ಪರೀಕ್ಷೆಗೆ ನೋಂದಾಯಿಸಿಕೊಳ್ಳಲು ಯತ್ನಿಸುವುದು. ಯಂತ್ರ ನಿರಾಕರಿಸಿದರೆ ಪಾಸು, ಹಣ ಸ್ವೀಕರಿಸಿದರೆ ಫೇಲು! ಇದನ್ನು ನಂಬಬೇಡಿರೆಂದು ಪರೀಕ್ಷೆ ನಡೆಸುವವರೇ ತಿಳಿಸಿದ್ದಾರೆ. ಸಾಲದುದಕ್ಕೆ, 200 ಡಾಲರ್ ನಿಜವಾಗಿಯೇ ಕಡಿತವಾಗುವ ಅಪಾಯವೂ ಉಂಟು. ಭಾನುವಾರ ರಾತ್ರಿ ಹುಡುಗಿ ಕಾರ್ಡಿನ ಸಂಖ್ಯೆಯನ್ನು ಅರ್ಧ ಒತ್ತಿ ಕೈ ಹಿಂದೆಗೆದಳು. ಎರಡನೆಯ ಬಳೆ ತಾಯಿಯ ಕೈಯಲ್ಲಿ ಇನ್ನೂ ಇತ್ತು.

ಮಂಗಳವಾರ ಆಸ್ಪತ್ರೆಯಲ್ಲಿ ಆಕೆಗೆ ರಾತ್ರಿ ಪಾಳಿ. ಫೋನು ಬೀರುವಿನಲ್ಲಿತ್ತು. ಎರಡು ಗಂಟೆಗೆ ಜ್ವರ ನೋಡಿದಳು, ನಾಲ್ಕಕ್ಕೆ ಡ್ರಿಪ್ ಬದಲಿಸಿದಳು. ಅಷ್ಟು ಹೊತ್ತಿಗೆ ಫಲಿತಾಂಶ ಬಂದಿರಬೇಕು. ಆರಕ್ಕೆ ವಾರ್ಡಿನ ದೂರವಾಣಿಯೇ ಮೊಳಗಿತು.

"ಬಂತೇನೇ?"

"ಇನ್ನೂ ನೋಡಿಲ್ಲಮ್ಮ. ಏಳನೆಯ ಹಾಸಿಗೆಯ ಅಜ್ಜಿಗೆ ಬಿ.ಪಿ. ಇಳಿದಿದೆ. ಅದನ್ನು ನೋಡಿ ಬರುತ್ತೇನೆ, ಇರು."